ಮಿಶ್ರಛಾಪು ಮಟ್ಟಿಗೆ ಹೊಸ ಪದ: ಮಾತ್ರೆ ಸರಿಯಿದೆ, ಹಾಡಿದರೆ ಅರ್ಥ ಕೆಡುತ್ತಿದೆ

ಪ್ರಶ್ನೆ:
ಭಜನೆಯ ಹಳೇ ಮಟ್ಟೊಂದಕ್ಕೆ (ಧಾಟಿಗೆ; ತಾಳ ಮಿಶ್ರಛಾಪು, ಎಣಿಕೆ 3+4) ಶಾರದೆಯ ಮೇಲೆ ಹೊಸ ಪದ ಕಟ್ಟುತ್ತಿದ್ದೇವೆ.

ಮನದ ಬಾಗಿಲ ತೆರೆಯೆ ಶಾರದೆ
ವನಜನೇತ್ರೆಯೆ ಬಾರೆ ಬೇಗನೆ

ಸಾಲಿಗೆ 14 ಮಾತ್ರೆ, ಆದಿಪ್ರಾಸವೂ (ಸಾಲುಗಳ ಎರಡನೇ ಅಕ್ಷರ ಒಂದೇ) ಇದೆ. ಆದರೂ ಹಾಡಿದರೆ ‘ಮಾನದ ಬಾಗಿಲ’ ಅಂತಲೇ ಕೇಳುತ್ತೆ. ತಪ್ಪೆಲ್ಲಿ?

ಉತ್ತರ 1:
ಮಾತ್ರೆಯ ಮೊತ್ತ ನೋಡಿದ್ದೀರಿ, ಗುರು (ಎರಡು ಮಾತ್ರೆಯ ಅಕ್ಷರ) ಎಲ್ಲಿ ಬೀಳಬೇಕು ಅಂತ ನೋಡಿಲ್ಲ. ಮೊದಲು ಪದ ಬಿಟ್ಟು ಮಟ್ಟನ್ನು ತಾನನದಲ್ಲಿ (‘ತಾ’ ಎರಡು ಮಾತ್ರೆ, ‘ತ’, ‘ನ’ ಒಂದೊಂದು) ಹಾಡಿ ಬರೆದುಕೊಳ್ಳಿ. ಮೊದಲಕ್ಷರಕ್ಕೆ ಎರಡೆಣಿಕೆ ಎಳೆತ ಇದ್ದರೆ ಅದು ‘ತಾನ ತಾನನ ತನನ ತಾನನ’. ನೀವು ‘ತಾನ’ದ ಜಾಗಕ್ಕೆ ‘ತನನ’ (ಮನದ, ವನಜ) ಹಾಕಿದ್ದೀರಿ. ಎಳೆದರೆ ಮನ ಮಾನವಾಗದೆ ಇನ್ನೇನಾಗುತ್ತೆ? ಬಳೆ ಬಾಳೆಯಾಗುವ ಭಾಷೆ ನಮ್ಮದು. ಹೀಗೆ ಮಾಡಿ:

ಬಾಳ ಬಾಗಿಲ ತೆರೆಯೆ ಶಾರದೆ
ತಾಳಲಾರೆನು ಕವಿದ ಇರುಳನು

ಹಾಡುವಾಗ ‘ಕವಿದಿರುಳನು’ ಅಂತ ಸಂಧಿ ಮಾಡಬೇಡಿ, ಒಂದು ಮಾತ್ರೆ ಹೋಗುತ್ತೆ.

ಉತ್ತರ 2:
ಎರಡನೇ ಸಾಲು ಒಪ್ಪಲಾರೆ. ‘ತಾಳ’ದ ಮೇಲೆ ಮೊದಲ 3 ಮಾತ್ರೆ ಮುಗಿಯುತ್ತೆ. ಅಲ್ಲಿ ಉಸಿರು ತೆಗೆದರೆ ‘ತಾಳ, ಲಾರೆನು’! ಭಾಮಿನಿ ಷಟ್ಪದಿಯಲ್ಲಿ ಪದ ಗಣ (ಮಾತ್ರೆಗಳ ಗುಂಪು) ದಾಟುವುದು ಮಾಮೂಲು, ಗಮಕಕ್ಕೆ (ಕಾವ್ಯವಾಚನಕ್ಕೆ) ತಾಳವಿಲ್ಲದ್ದರಿಂದ ಅಲ್ಲಿ ನಡೆಯುತ್ತೆ. ಭಜನೆಯಲ್ಲಿ ತಾಳ ತಟ್ಟುತ್ತಾ ಹತ್ತು ಜನ ಹಾಡುವಾಗ ನಡೆಯಲ್ಲ. ಇದು ನೋಡಿ:

ಕಾಳರಾತ್ರಿಯ ಕಳೆಯೆ ಬೇಗನೆ

ಸಮಾಸವಾದ್ದರಿಂದ ‘ಕಾಳ’ ಆದಮೇಲೆ ಮುರಿದರೂ ಕಿವಿಗೆ ಚುಚ್ಚಲ್ಲ. ಸಾಲು ಮುರಿಯುವಲ್ಲೂ ಇದೇ ಎಚ್ಚರ ಬೇಕು. ‘ನೀ ಬಡವನಲ್ಲ’ ಅನ್ನುವುದು ಎರಡು ಸಾಲಿಗೆ ಹರಿದರೆ ‘ನೀ ಬಡವ’ ಒಂದು ಕಡೆ, ‘ನಲ್ಲ’ ಇನ್ನೊಂದು ಕಡೆ.

ಪ್ರಶ್ನೆ ಕೇಳಿದವರು:
ಕಾಳರಾತ್ರಿ ಕೂತಿತು. ‘ಬಾಳ’ ಬದಲು ‘ಎನ್ನ’ ಇಟ್ಟರೂ ಗುರುವೇ ಅಲ್ಲವೇ?

ಉತ್ತರ 1:
ಒತ್ತಕ್ಷರದ ಹಿಂದಿನದಾದ್ದರಿಂದ ‘ಎ’ ಲೆಕ್ಕಕ್ಕೆ ಗುರು, ಗಂಟಲಿಗೆ ಬೇರೆ. ‘ಎ’ ಎಳೆದರೆ ‘ಏನ್ನ’ ಆಗುತ್ತೆ. ಎಳೆತವನ್ನು ‘ನ್’ ಮೇಲೆ ನಿಲ್ಲಿಸಬೇಕು: ಎನ್‌…ನ. ಅನುನಾಸಿಕ, ಲ, ಳ ಒತ್ತುಗಳಲ್ಲಿ ಇದು ಸಾಧ್ಯ. ‘ಕತ್ತಲೆ’, ‘ಅಕ್ಕ’ ಥರದವನ್ನು ಎಳೆತದ ಜಾಗಕ್ಕೆ ತರಲೇಬೇಡಿ, ‘ತ್’ ಮೇಲೆ ದನಿ ನಿಲ್ಲುವುದೇ ಇಲ್ಲ.

ಉತ್ತರ 3:
ಚರಣ ತಾರಸ್ಥಾಯಿಗೆ ಹೋಗುತ್ತಿದ್ದರೆ ಮೇಲಿನ ಷಡ್ಜದಲ್ಲಿ (‘ಸ’ ಸ್ವರದಲ್ಲಿ) ನಿಲ್ಲುವ ಅಕ್ಷರ ‘ಆ’ಕಾರ ಇರಲಿ. ‘ಈ’, ‘ಊ’ ಬಂದರೆ ಗುಂಪಿನಲ್ಲಿ ಅರ್ಧ ಜನರ ದನಿ ಹಿಸುಕಿಕೊಳ್ಳುತ್ತೆ. ಚರಣದ ಕೊನೆ ಸಾಲಿನಿಂದ ನಿಲ್ಲಿಸದೆ ಪಲ್ಲವಿಗೆ ಹೋಗಿ ಹಾಡಿ ನೋಡಿ. ‘ಬಾಳ ಬಾಗಿಲ ತೆರೆಯೆ’ ಅಂತ ಪ್ರತಿಸಲ ವಾಪಸು ಬರುವುದರಿಂದ, ಚರಣದಲ್ಲಿ ಶಾರದೆ ಆಗಲೇ ಒಳಗೆ ಬಂದು ಕೂತಿರಬಾರದು.