ಬೋಟಿನ ಎಸಿ: ರಿಪೇರಿ ಮಾಡಲಾ, ಪೂರ್ತಿ ಬದಲಾಯಿಸಲಾ?

ಬಟವಾಡಿ_ಎಸಿ (ತುಮಕೂರು):

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಟವಾಡಿ ಕಡೆ ನನ್ನದು ಎಸಿ, ಫ್ರಿಜ್ ಕೆಲಸ. ಸ್ಪ್ಲಿಟ್, ವಿಂಡೋ, ಕಾರಿನ ಎಸಿ ಎಲ್ಲ ಮಾಡುತ್ತೇನೆ. ಈಗ ಬಂದಿರುವುದು ಬೋಟಿನ ಎಸಿ. ಬಯಲುಸೀಮೆಯವನಿಗೆ ಬೋಟು ಎಲ್ಲಿಂದ ಬಂತು ಅಂತ ನಗಬೇಡಿ. ನಮ್ಮ ಭಾವ ಮಲ್ಪೆಯಲ್ಲಿ ಪ್ರವಾಸಿಗರ ಬೋಟೊಂದರಲ್ಲಿ ಪಾಲು ಹಾಕಿದ್ದಾರೆ. ಅದರ ಕ್ಯಾಬಿನ್ನಿಗೆ 16,000 ಬಿಟಿಯು ಎಸಿ. ಸೀಟಿನ ಕೆಳಗೆ ಕೂರುವ ಒಂದೇ ಪೆಟ್ಟಿಗೆ, ಔಟ್‌ಡೋರ್ ಇಲ್ಲ. ಸಮುದ್ರದ ನೀರನ್ನೇ ಪಂಪಿನಲ್ಲಿ ಎಳೆದು ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ತಣ್ಣಗೆ ಮಾಡುತ್ತೆ. ಗ್ಯಾಸ್ ಆರ್-410ಎ.

ಆನ್ ಮಾಡಿದರೆ ಚೆನ್ನಾಗಿ ತಂಪು ಬರುತ್ತದೆ. ಹತ್ತು ನಿಮಿಷಕ್ಕೆ ಹೈ ಪ್ರೆಷರ್ ಅಂತ ತೋರಿಸಿ ನಿಲ್ಲುತ್ತದೆ. ಪಂಪು ಗರಗರ ಅನ್ನುತ್ತದಂತೆ. ಅಲ್ಲಿ ನೋಡಿದವರೊಬ್ಬರು ಗ್ಯಾಸ್ ಕಮ್ಮಿ ಅಂದರು. ಇನ್ನೊಬ್ಬರು ಯೂನಿಟ್ಟೇ ಹೊಸದು ಹಾಕಿ, ಎರಡು ಲಕ್ಷದ ಮೇಲಾಗುತ್ತೆ ಅಂದರು. ಭಾವನಿಗೆ ಎದೆ ಧಸಕ್ ಅಂದಿದೆ.

ಮುಂದಿನ ವಾರ ಹೋಗುತ್ತಿದ್ದೇನೆ. ಏನೇನು ಒಯ್ಯಲಿ? ಯಾವುದು ರಿಪೇರಿ ಆಗುತ್ತೆ, ಯಾವುದಕ್ಕೆ ಕೈ ಹಾಕಬಾರದು? ಈ ಕೆಲಸ ಮಾಡಿದವರು ಇದ್ದರೆ ಹೇಳಿ.

ಕುಣಿಗಲ್_ಎಲೆಕ್ಟ್ರಿಕ್:

ಸುಮ್ನೆ ಅದನ್ನು ಬಿಚ್ಚಿ ಬಿಸಾಕಿ, ಒಂದೂವರೆ ಟನ್ ಇನ್ವರ್ಟರ್ ಸ್ಪ್ಲಿಟ್ ಹಾಕಿ. ಔಟ್‌ಡೋರ್ ಮೇಲೆ ಕೂರಿಸಿದರೆ ಆಯ್ತು. ಅಲೆಪ್ಪಿಯ ಹೌಸ್‌ಬೋಟುಗಳಲ್ಲಿ ಅದನ್ನೇ ಹಾಕಿರುತ್ತಾರೆ ಅಲ್ವಾ? ಕೆಟ್ಟರೆ ಯಾವ ಮೆಕ್ಯಾನಿಕ್ ಬೇಕಾದರೂ ಸರಿಮಾಡುತ್ತಾನೆ.

ಕೋಲಾರದ_ಚಿಲ್ಲರ್:

ಕುಣಿಗಲ್ಲಿನವರೇ, ಹೌಸ್‌ಬೋಟು ಹಿನ್ನೀರಿನಲ್ಲಿ ಮೆಲ್ಲಗೆ ಹೋಗುತ್ತದೆ, ಮೇಲೆ ಜಾಗವೂ ಇರುತ್ತದೆ. ಮಲ್ಪೆಯದು ತೆರೆದ ಕಡಲು. ಅಲೆಯ ತುಂತುರು ನೇರ ಔಟ್‌ಡೋರಿಗೇ ಹೊಡೆಯುತ್ತದೆ. ಅಲ್ಯೂಮಿನಿಯಂ ಫಿನ್ನುಗಳು ಬೆರಳಿಟ್ಟರೆ ಪುಡಿ ಉದುರುವ ಹಾಗಾಗಿದ್ದನ್ನು ನಾನೇ ನೋಡಿದ್ದೇನೆ. ಚಿಕ್ಕ ಬೋಟಿನ ತಲೆ ಮೇಲೆ ಅಷ್ಟು ಭಾರವೂ ಬೇಡ.

ಬಟವಾಡಿಯವರೇ, ನಾನು ಹಡಗಿನಲ್ಲಿ ರೆಫ್ರಿಜರೇಷನ್ ಕೆಲಸ ಮಾಡಿ ಬಂದವನು. ಈಗ ಕೋಲಾರದಲ್ಲಿ ತರಕಾರಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತೇನೆ. ನನ್ನ ಮಾತು ಕೇಳಿ: ಗ್ಯಾಸ್ ಪ್ರೆಷರ್ ನೋಡುವ ಗೇಜ್ ಸೆಟ್ ಚೀಲದಲ್ಲೇ ಇರಲಿ, ಮೊದಲು ಬಕೆಟ್ ಹಿಡಿದುಕೊಂಡು ಹೋಗಿ.

ಹೈ ಪ್ರೆಷರ್‌ನಲ್ಲಿ ನಿಂತ ಮೆಷಿನ್ನಿಗೆ ಗ್ಯಾಸ್ ಕಮ್ಮಿ ಅನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ. ಗ್ಯಾಸ್ ಹಾಕಿದರೆ ಪ್ರೆಷರ್ ಇನ್ನೂ ಏರುತ್ತದೆ. ನಿಮ್ಮ ಕಂಡೆನ್ಸರಿಗೆ ನೀರು ಸಾಲುತ್ತಿಲ್ಲ, ಬಹುಪಾಲು ಅಷ್ಟೇ ಇರಬೇಕು. ಟನ್ನಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ಬೇಕು. 12,000 ಬಿಟಿಯುಗೆ ಒಂದು ಟನ್ ಲೆಕ್ಕದಲ್ಲಿ ನಿಮ್ಮದು ಟನ್ನು ಮತ್ತು ಮೂರನೇ ಒಂದು ಪಾಲು. ಅಂದರೆ ಬೋಟಿನ ಪಕ್ಕದಲ್ಲಿ ನೀರು ಹೊರಗೆ ಬೀಳುವ ತೂತಿನ ಕೆಳಗೆ 15 ಲೀಟರಿನ ಬಕೆಟ್ ಹಿಡಿದರೆ ಒಂದು ನಿಮಿಷಕ್ಕೆ ತುಂಬಬೇಕು. ತುಂಬದಿದ್ದರೆ ಹೊರಗಿನಿಂದ ಒಳಗೆ ಬನ್ನಿ. ಮೊದಲು ತಳದ ವಾಲ್ವ್, ಆಮೇಲೆ ಕಸ ತಡೆಯುವ ಸ್ಟ್ರೈನರ್, ಪಂಪು, ಕಂಡೆನ್ಸರಿನ ಕಾಯಿಲ್. ಆ ಪಂಪು ತಾನಾಗಿ ನೀರು ಎಳೆದುಕೊಳ್ಳುವ ಜಾತಿಯದ್ದಲ್ಲ, ನೀರಿನ ಮಟ್ಟಕ್ಕಿಂತ ಕೆಳಗೇ ಕೂರಬೇಕು. ಹೋಸು ಒಂದೇ ಸಮ ಏರುತ್ತಾ ಹೋಗಬೇಕು. ಮಧ್ಯೆ ಎಲ್ಲಾದರೂ ಏರಿ ಇಳಿದಿದ್ದರೆ ಅಲ್ಲಿ ಗಾಳಿ ಕೂರುತ್ತದೆ.

ಇನ್ನು ರಿಪೇರಿನಾ ಹೊಸದಾ ಅನ್ನುವ ಪ್ರಶ್ನೆ. ನಾನು ಪಾರ್ಟಿನ ರೇಟು ನೋಡಿ ತೀರ್ಮಾನ ಮಾಡಲ್ಲ. ಉಪ್ಪುನೀರು ಗ್ಯಾಸ್ ಲೈನಿಗೆ ಹೊಕ್ಕಿದೆಯಾ ಅಂತ ಮಾತ್ರ ನೋಡುತ್ತೇನೆ. ಆ ಕಾಯಿಲ್ ಪೈಪಿನೊಳಗೆ ಪೈಪು. ಒಳಗಿನದ್ದು ತಾಮ್ರ-ನಿಕಲ್, ಅದರಲ್ಲಿ ಸಮುದ್ರದ ನೀರು. ಸುತ್ತಲೂ ಗ್ಯಾಸ್. ಒಳಪೈಪು ತೂತಾದರೆ ಮೊದಲು ಗ್ಯಾಸೆಲ್ಲ ನೀರಿಗೆ ಹೋಗುತ್ತದೆ. ಆಮೇಲೆ ಪಂಪು ಉಪ್ಪುನೀರನ್ನು ಕಂಪ್ರೆಸರ್‌ವರೆಗೂ ತಳ್ಳುತ್ತದೆ. ಆರ್-410ಎ ಜೊತೆ ಬರುವ ಎಣ್ಣೆ ಮೊದಲೇ ನೀರು ಹೀರುವ ಗುಣದ್ದು. ಆಸಿಡ್ ಆಗುತ್ತದೆ, ಕಂಪ್ರೆಸರ್ ಮೋಟರಿನ ವೈಂಡಿಂಗ್ ಸುಡುತ್ತದೆ. ಅಲ್ಲಿಗೆ ಮುಗೀತು. ಕಂಪ್ರೆಸರ್ ಮಾತ್ರ ಬದಲಾಯಿಸುತ್ತೇನೆ ಅಂತ ಹೊರಟರೆ ಹೊಸದನ್ನೂ ಅದೇ ಲೈನು ತಿಂದುಹಾಕುತ್ತದೆ. ಅಂಥದ್ದಕ್ಕೆ ಪೂರ್ತಿ ಯೂನಿಟ್ಟೇ ಸರಿ.

ಗ್ಯಾಸ್ ಲೈನು ಗಟ್ಟಿಯಾಗಿದ್ದರೆ ಮಿಕ್ಕಿದ್ದೆಲ್ಲ ಬಿಡಿಬಿಡಿಯಾಗಿ ಸರಿಯಾಗುತ್ತದೆ. ಪಂಪಿನಲ್ಲಿ ನೀರು ತಳ್ಳುವ ಇಂಪೆಲ್ಲರ್, ಬ್ಲೋವರ್ ಮೋಟರ್, ಕ್ಯಾಪಾಸಿಟರ್, ರಿಲೇ, ಸೆನ್ಸರ್, ಬೋರ್ಡು ಯಾವುದಕ್ಕೂ ಎರಡು ಲಕ್ಷ ಬೇಡ. ನಿಮ್ಮದು ಹತ್ತು ನಿಮಿಷ ತಂಪು ಕೊಡುತ್ತಿದೆ, ಅಂದರೆ ಗ್ಯಾಸ್ ಒಳಗೇ ಇದೆ. ಭಾವನಿಗೆ ಧೈರ್ಯ ಹೇಳಿ.

ರೀಲಿಂಗ್_ಶಿಡ್ಲಘಟ್ಟ:

ನಾನು ಎಸಿಯವನಲ್ಲ. ನಮ್ಮ ರೇಷ್ಮೆ ಬಿಚ್ಚುವ ಯೂನಿಟ್ಟಿನಲ್ಲಿ ಬಾಯ್ಲರ್ ಇದೆ, ನೀರು ಬೋರ್‌ವೆಲ್ಲಿನದ್ದು. ಪೈಪಿನೊಳಗೆ ಬಿಳಿ ಕಟ್ಟುವುದರಲ್ಲಿ ನಮ್ಮ ಕಡೆಯವರಿಗೆ ಅನುಭವ ಜಾಸ್ತಿ. ಬೋಟಿನ ಕಾಯಿಲಿಗೂ ಅದೇ ಕಾಯಿಲೆ ಇರಬಹುದಲ್ವಾ?

ಬಾತ್‌ರೂಮ್ ಆಸಿಡ್ ಮಾತ್ರ ಹಾಗೇ ಸುರಿಯಬೇಡಿ. ನಾವು ಸಿಟ್ರಿಕ್ ಆಸಿಡ್ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಚಿಕ್ಕ ಪಂಪಿನಲ್ಲಿ ಸುತ್ತಿಸುತ್ತೇವೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ನೊರೆ ಬರುವುದು ನಿಂತರೆ ಕೆಲಸ ಆಯ್ತು ಅಂತ. ಕೊನೆಗೆ ಅಡುಗೆ ಸೋಡಾ ನೀರು, ಆಮೇಲೆ ಸಿಹಿನೀರು. ತೆಗೆದ ನೀರನ್ನು ಬಂದರಿಗೆ ಚೆಲ್ಲಬೇಡಿ.

ಇನ್ನೊಂದು ಮಾತು. ಕೆಲವು ಸಲ ಬಿಳಿ ಕಟ್ಟಿದ್ದೇ ತೂತನ್ನು ಮುಚ್ಚಿರುತ್ತದೆ. ತೊಳೆದ ಮೇಲೆ ಸೋರಲು ಶುರುವಾಗುತ್ತದೆ. ನಮ್ಮ ಬಾಯ್ಲರಿನಲ್ಲಿ ಹಾಗೇ ಆಗಿತ್ತು.

ಕೋಲಾರದ_ಚಿಲ್ಲರ್:

ಶಿಡ್ಲಘಟ್ಟದವರ ಕೊನೆಯ ಮಾತು ಲಕ್ಷ ರೂಪಾಯಿಯದ್ದು. ತೊಳೆದ ಮೇಲೆ ಪಂಪು ಹಾಕುವ ಮುಂಚೆ ಕಾಯಿಲಿನ ಎರಡೂ ಹೋಸುಗಳನ್ನು ಮೇಲಕ್ಕೆ ಎತ್ತಿ ಕಟ್ಟಿ, ಸಿಹಿನೀರು ತುಂಬಿ, ಬಿಟ್ಟು ನೋಡಿ. ಮೆಷಿನ್ ನಿಂತಿದ್ದರೂ 30 ಡಿಗ್ರಿ ಬಿಸಿಲಿಗೆ ಆರ್-410ಎ ಒಳಗೆ ಸುಮಾರು 260 ಪಿಎಸ್‌ಐ ಪ್ರೆಷರ್ ಇರುತ್ತದೆ. ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಬಂದೇ ಬರುತ್ತದೆ. ಗ್ಯಾಸ್ ತೆಗೆಯುವ ತಾಪತ್ರಯ ಇಲ್ಲ. ಹಳೆ ಎಸಿಗಳ ಆರ್-22 ಗ್ಯಾಸಿನ ಗೇಜ್ ಹಾಕಬೇಡಿ. 45 ಡಿಗ್ರಿಯಲ್ಲಿ ಅದು 235ರ ಹತ್ತಿರ ಇದ್ದರೆ ಇದು 380ರ ಹತ್ತಿರ ಇರುತ್ತದೆ.

ಬಟವಾಡಿ_ಎಸಿ (ತುಮಕೂರು):

ಹೋಗಿ ಬಂದೆ. ಕೋಲಾರದಣ್ಣ ಹೇಳಿದ ಹಾಗೆ ಬಕೆಟ್ ಹಿಡಿದೆ, ಒಂದು ನಿಮಿಷಕ್ಕೆ ಅರ್ಧವೂ ತುಂಬಲಿಲ್ಲ. ಸ್ಟ್ರೈನರ್ ಬಿಚ್ಚಿದರೆ ಬುಟ್ಟಿಯ ತುಂಬ ಕಡಲ ಪಾಚಿ, ಒಂದು ಚಾಕೊಲೇಟ್ ಕವರ್. ಪಂಪಿನ ಇಂಪೆಲ್ಲರಿನ ಒಂದು ರೆಕ್ಕೆ ಮುರಿದಿತ್ತು, ಶಾಫ್ಟು ಒಂದು ಕಡೆ ಸವೆದಿತ್ತು. ಗರಗರ ಅದರದ್ದೇ. ಪಂಪಿನ ಮೋಟರ್ ಗಟ್ಟಿಯಾಗಿದೆ, ಇಂಪೆಲ್ಲರ್ ಸೆಟ್ ಮಾತ್ರ ತರಿಸಿ ಹಾಕಿದೆ.

ಸಿಟ್ರಿಕ್ ಆಸಿಡ್ ಸುತ್ತಿಸಿದಾಗ ಬಕೆಟ್ಟಿನಲ್ಲಿ ಹಾಲು ಉಕ್ಕಿದ ಹಾಗೆ ನೊರೆ. ಮೊದಲು ಬೂದುಬಣ್ಣದ ನೀರು, ಆಮೇಲೆ ಅಕ್ಕಿನುಚ್ಚಿನಷ್ಟು ಸಣ್ಣ ಚಿಪ್ಪಿನ ಚೂರುಗಳು ಬಂದವು. ಹೋದ ಮಳೆಗಾಲದಲ್ಲಿ ಬೋಟು ನಿಂತಾಗ ಕಾಯಿಲಿನಲ್ಲಿ ಉಪ್ಪುನೀರು ಹಾಗೇ ಬಿಟ್ಟಿದ್ದರಂತೆ. ಗುಳ್ಳೆ ಪರೀಕ್ಷೆ ಮಾಡಿದೆ, ಒಂದೂ ಬರಲಿಲ್ಲ. ಈಗ ಬಕೆಟ್ ನಿಮಿಷದೊಳಗೆ ತುಂಬುತ್ತೆ. ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವ ನೀರು 6 ಡಿಗ್ರಿ ಬಿಸಿ. ಮಧ್ಯಾಹ್ನ ಪೂರ್ತಿ ಓಡಿಸಿದೆವು, ಒಮ್ಮೆಯೂ ಟ್ರಿಪ್ ಆಗಲಿಲ್ಲ.

ಈಗ ಹೊಸ ತಲೆನೋವು. ಎಸಿಯಿಂದ ತೊಟ್ಟಿಕ್ಕುವ ನೀರು ಬೀಳುವ ತಟ್ಟೆಯ ತೂತು ಕಸ ಕಟ್ಟಿ, ಕಂಪ್ರೆಸರಿನ ಬುಡ ನೀರಿನಲ್ಲೇ ನಿಂತಿದೆ. ಪಕ್ಕದಲ್ಲಿ ಕಂಪ್ರೆಸರಿಗೆ ದ್ರವ ಹೋಗದಂತೆ ತಡೆಯುವ ಡಬ್ಬಿ, ಅಕ್ಯುಮುಲೇಟರು ಇದೆಯಲ್ಲ, ಅದರ ಬುಡ ತುಕ್ಕು ಹಿಡಿದು ಪದರಪದರ ಎದ್ದಿದೆ. ಇದನ್ನು ಏನು ಮಾಡಲಿ?

ಕೋಲಾರದ_ಚಿಲ್ಲರ್:

6 ಡಿಗ್ರಿ ಅಂದರೆ ಭೇಷ್.

ತುಕ್ಕಿಗೆ ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ತೆಳುವಾಗಿದ್ದ ಕಡೆ ತೂತು ಬಿದ್ದರೆ ಗ್ಯಾಸೆಲ್ಲ ಕ್ಯಾಬಿನ್ನಿನೊಳಗೇ. ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪದರ ಉದುರಿದ ಮೇಲೆ ಕಬ್ಬಿಣ ನಯವಾಗಿ ಕಂಡರೆ ಒಣಗಿಸಿ ಪ್ರೈಮರ್, ಮೇಲೆ ಪೇಂಟು. ಗುಳಿ ಕಂಡರೆ ಪೇಂಟು ಬರೀ ಕಣ್ಣಿಗೆ. ಗುಳಿ ಬಿದ್ದದ್ದಕ್ಕೆ ಮೇಲಿಂದ ಬ್ರೇಜಿಂಗ್ ಬೆಸುಗೆ ಮೆತ್ತುವುದು ಬೇಡವೇ ಬೇಡ.

ಗುಳಿ ಅಕ್ಯುಮುಲೇಟರಿನಲ್ಲಿ ಮಾತ್ರ ಇದ್ದರೆ ಅದೊಂದನ್ನೇ ಬದಲಾಯಿಸಬಹುದು. ಆದರೆ ಬೋಟಿನಲ್ಲಿ ಕೂತು ಮಾಡುವ ಕೆಲಸ ಅಲ್ಲ. ಮಳೆಗಾಲಕ್ಕೆ ಬೋಟು ನಿಂತಾಗ ಯೂನಿಟ್ ಇಳಿಸಿ ತುಮಕೂರಿಗೇ ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಎಲ್ಲರೂ ರಿಪೇರಿಗೆ ಮುಗಿಬೀಳುತ್ತಾರೆ, ಅಲ್ಲಿ ಯಾರೂ ಕೈಗೆ ಸಿಗಲ್ಲ. ಗ್ಯಾಸ್ ಸಿಲಿಂಡರಿಗೆ ಇಳಿಸಿಕೊಳ್ಳಿ, ಗಾಳಿಗೆ ಬಿಡಬೇಡಿ. ಬ್ರೇಜಿಂಗ್ ಮಾಡುವಾಗ ಒಳಗೆ ನೈಟ್ರೋಜನ್ ಹರಿಯುತ್ತಿರಲಿ. ಲೈನಿನ ತೇವ ಹೀರುವ ಡ್ರೈಯರ್ ಹೊಸದು. ಒಳಗಿನ ಗಾಳಿ, ತೇವ ಎಳೆಯುವ ವ್ಯಾಕ್ಯೂಮ್ 500 ಮೈಕ್ರಾನ್ ತನಕ. ಗ್ಯಾಸ್ ತೂಕ ಮಾಡಿಯೇ ಹಾಕಿ, ಪ್ಲೇಟಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟು. ಆ ತಾಮ್ರ-ನಿಕಲ್ ಪೈಪಿಗೆ ಮಾತ್ರ ನಾವು ದಿನಾ ಬಳಸುವ ಫಾಸ್ಫರಸ್ ಬೆಸುಗೆ ಕಡ್ಡಿ ಮುಟ್ಟಿಸಬೇಡಿ. ನಿಕಲ್ ಜೊತೆ ಜೋಡಣೆ ಪೆಡಸಾಗಿ ಬಿರುಕು ಬಿಡುತ್ತದೆ. ಬೆಳ್ಳಿ ಜಾಸ್ತಿ ಇರುವ ಕಡ್ಡಿ, ಫ್ಲಕ್ಸ್ ಹಾಕಿ.

ಕಂಪ್ರೆಸರಿನ ಬುಡದಲ್ಲೂ ಗುಳಿ ಇದ್ದರೆ ಆಗ ನಾನೂ ಹೊಸದಕ್ಕೇ ಹೇಳುತ್ತೇನೆ. ಹಾಗೇನಾದರೂ ಆದರೆ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ಗ್ಯಾಸ್ ತುಂಬಿದ ಎಸಿಗಳ ಆಮದಿಗೆ 2020ರ ಅಕ್ಟೋಬರ್‌ನಲ್ಲಿ ನಿಷೇಧ ಬಂದಿದೆ. ನಿಮಗೆ ಬೇಕಾದದ್ದು ಹೇಗೆ ಬರುತ್ತೆ, ಎಷ್ಟು ದಿನ ಹಿಡಿಯುತ್ತೆ ಅಂತ ಮಾರುವವರನ್ನೇ ಕೇಳಿ.

ಬಟವಾಡಿ_ಎಸಿ (ತುಮಕೂರು):

ಬ್ರಷ್ ಹಾಕಿ ಉಜ್ಜಿದೆ ಅಣ್ಣಾ. ಕಂಪ್ರೆಸರಿನ ಬುಡ ನಯವಾಗಿದೆ, ಅಕ್ಯುಮುಲೇಟರಿನಲ್ಲಿ ಎರಡು ಕಡೆ ಗುಳಿ. ತಟ್ಟೆಯ ತೂತು ಬಿಡಿಸಿ, ಪ್ರೈಮರ್ ಹೊಡೆದು ಬಂದಿದ್ದೇನೆ. ಮೇ ಕೊನೆತನಕ ಓಡಿಸಲಿ ಅಂತ ಭಾವನಿಗೆ ಹೇಳಿದೆ. ವಾರಕ್ಕೊಮ್ಮೆ ಸ್ಟ್ರೈನರ್ ತೊಳೆಯುವ ಕೆಲಸ ಬೋಟಿನ ಹುಡುಗನಿಗೆ ಒಪ್ಪಿಸಿದೆ. ಅಕ್ಯುಮುಲೇಟರಿನ ಅಳತೆ ಬರೆದುಕೊಂಡು ಬಂದಿದ್ದೇನೆ, ಬೆಂಗಳೂರಿನಲ್ಲಿ ಹುಡುಕುತ್ತೇನೆ.