ಪಟಾಕಿಗೆ ಬೆದರುವ ಕುದುರೆಗೆ ಹೂವಿನ ಹನಿಮದ್ದು ಕೊಡಬಹುದೇ?

ಪ್ರಶ್ನೆ (ಮೈಸೂರಿನ ಹೊರವಲಯದಲ್ಲಿ ಕುದುರೆ ಸಾಕಿರುವವರು)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾನು ಒಂಬತ್ತು ವರ್ಷದ ಬಿಳಿ ಹೆಣ್ಣುಕುದುರೆಯೊಂದನ್ನು ಕೊಂಡುಕೊಂಡೆ. ಹೆಸರು ಗೌರಿ. ಅದಕ್ಕೆ ಮೊದಲು ಕೆಲವು ವರ್ಷ ಅವಳು ಮದುವೆಯ ಮೆರವಣಿಗೆಗಳಲ್ಲಿ, ಬ್ಯಾಂಡ್‌ಸೆಟ್ಟು ಮತ್ತು ಸರಪಟಾಕಿಗಳ ನಡುವೆ, ಮದುಮಗನನ್ನು ಹೊತ್ತು ನಡೆದವಳು. ಮನುಷ್ಯರ ಬಗ್ಗೆ ಅವಳಿಗೆ ಭಯವಿಲ್ಲ. ಸೈಸನ ಮಗಳು ಬಾಲ ಹಿಡಿದರೂ ಸುಮ್ಮನಿರುತ್ತಾಳೆ. ಆದರೆ ದೂರದಲ್ಲಿ ಒಂದು ಪಟಾಕಿ ಸಿಡಿದರೆ, ಟ್ರ್ಯಾಕ್ಟರಿನ ಸೈಲೆನ್ಸರ್ ಢಂ ಎಂದರೆ, ಅಷ್ಟೇಕೆ, ಗೊಬ್ಬರದ ಖಾಲಿ ಚೀಲ ಗಾಳಿಗೆ ಹಾರಿದರೂ ಕಣ್ಣಿನ ಬಿಳಿ ಕಾಣುವಂತೆ ಬೆಚ್ಚಿ, ಮೈಯೆಲ್ಲ ಬೆವೆತು, ನೀರಾಗಿ ಲದ್ದಿ ಹಾಕುತ್ತಾಳೆ. ಕಳೆದ ದೀಪಾವಳಿಯಂದು ಹಗ್ಗ ಕಿತ್ತುಕೊಂಡು ಓಡಿ, ಮುಳ್ಳುತಂತಿಯ ಬೇಲಿಗೆ ಸಿಕ್ಕಿ ಮುಂಗಾಲು ಹರಿದುಕೊಂಡಳು.

ಈ ಸಲ ದೀಪಾವಳಿಗೆ ಇನ್ನು ಆರು ವಾರಗಳಿವೆ. ಇಂಗ್ಲೆಂಡಿನಲ್ಲಿರುವ ಸ್ನೇಹಿತರೊಬ್ಬರು ಐದು ಹೂವುಗಳ ಸತ್ವವಿದೆ ಎನ್ನಲಾಗುವ ಹನಿಮದ್ದಿನ ಸೀಸೆಯೊಂದನ್ನು ಕಳುಹಿಸಿದ್ದಾರೆ. ಪಕ್ಕದ ತೋಟದವರು ಸರ್ಪಗಂಧದ ಬೇರಿನ ಪುಡಿಯನ್ನು ಬೆಲ್ಲದಲ್ಲಿ ಉಂಡೆ ಕಟ್ಟಿ ಕೊಡಿ ಎನ್ನುತ್ತಾರೆ. ಇನ್ನೊಬ್ಬರು, ಹೆಸರಿನಲ್ಲೇ ಅಶ್ವ ಇರುವುದರಿಂದ ಅಶ್ವಗಂಧವೇ ಸರಿ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು, ಎಷ್ಟು ಕೊಡಬಹುದು, ಯಾವುದರಿಂದ ಅಪಾಯವಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಇಂಗ್ಲೆಂಡಿನ ಲಾಯವೊಂದರಲ್ಲಿ ಕೆಲಸ ಮಾಡುವ ಕನ್ನಡತಿ)

ನಿಮ್ಮ ಸೀಸೆಯಲ್ಲಿರುವುದು ಇಲ್ಲಿ ಬಹುತೇಕ ಎಲ್ಲ ಲಾಯಗಳ ಕಪಾಟಿನಲ್ಲಿಯೂ ಕಾಣುವ ಮದ್ದು. ಎಡ್ವರ್ಡ್ ಬಾಕ್ ಎಂಬ ಇಂಗ್ಲಿಷ್ ವೈದ್ಯರು 1930ರ ದಶಕದಲ್ಲಿ, ಒಂದೊಂದು ಮನಃಸ್ಥಿತಿಗೆ ಒಂದೊಂದರಂತೆ ಒಟ್ಟು 38 ಹನಿಮದ್ದುಗಳನ್ನು ರೂಪಿಸಿದರು. ಹೂವುಗಳನ್ನು ಊಟೆಯ ನೀರಿನಲ್ಲಿ ತೇಲಿಬಿಟ್ಟು ಬಿಸಿಲಿಗಿಡುವುದು, ಗಟ್ಟಿ ಕಡ್ಡಿಗಳ ಜಾತಿಯವಾದರೆ ಕುದಿಸುವುದು, ಆ ನೀರಿಗೆ ಅಷ್ಟೇ ಬ್ರಾಂದಿ ಬೆರೆಸಿ, ಅದರಿಂದ ಎರಡು ಹನಿಗಳನ್ನು ಮತ್ತೆ ಒಂದು ಸೀಸೆ ಬ್ರಾಂದಿಗೆ ಹಾಕುವುದು, ಇದು ತಯಾರಿಕೆಯ ಕ್ರಮ. ಗುರುತಿಸಬಲ್ಲ ಭಯಕ್ಕೆ ಮಿಮ್ಯುಲಸ್, ಕಾರಣ ತಿಳಿಯದ ಅಂಜಿಕೆಗೆ ಆಸ್ಪೆನ್, ದಿಗಿಲಿಗೆ ರಾಕ್ ರೋಸ್ ಎಂದು ಅವರು ವಿಂಗಡಿಸಿದ್ದರು. ನಿಮ್ಮ ಐದು ಹೂವಿನ ಮಿಶ್ರಣದಲ್ಲಿ ರಾಕ್ ರೋಸ್ ಜೊತೆಗೆ ಇಂಪೇಷನ್ಸ್, ಕ್ಲೆಮಾಟಿಸ್, ಸ್ಟಾರ್ ಆಫ್ ಬೆತ್ಲೆಹೆಮ್ ಮತ್ತು ಚೆರ್ರಿ ಪ್ಲಮ್ ಇರುತ್ತವೆ.

ಇಲ್ಲಿ ನವೆಂಬರ್ 5ರ ರಾತ್ರಿ ಊರೂರಿನಲ್ಲಿ ಬಾಣಬಿರುಸು ಹಾರಿಸುತ್ತಾರೆ. ನಮ್ಮ ಕುದುರೆಗಳಿಗೆ ಅದೇ ದೀಪಾವಳಿ. ನಾನು ಆ ವಾರವಿಡೀ ಕುಡಿಯುವ ನೀರಿನ ಬಕೆಟ್ಟಿಗೆ ಸುಮಾರು ಹತ್ತು ಹನಿ ಹಾಕುತ್ತೇನೆ, ತೀರಾ ಬೆದರಿದ ಕುದುರೆಗೆ ಸೇಬಿನ ಹೋಳಿನ ಮೇಲೆ ನಾಲ್ಕು ಹನಿ ಹಾಕಿ ತಿನ್ನಿಸುತ್ತೇನೆ. ನಾನು ನೋಡಿಕೊಳ್ಳುವ ಮುದಿ ಹೆಣ್ಣುಕುದುರೆಯೊಂದು ಇದನ್ನು ಶುರು ಮಾಡಿದ ಮೇಲೆ ಲಾಯದೊಳಗೆ ಗಿರಕಿ ಹೊಡೆಯುವುದನ್ನು ಬಿಟ್ಟಿದೆ. ಅದು ಮದ್ದಿನ ಗುಣವೋ, ಆ ರಾತ್ರಿಗಳಲ್ಲಿ ನಾನು ಅಲ್ಲಿಯೇ ಕುಳಿತಿರುವುದರ ಗುಣವೋ ಎಂದು ಕೇಳಿದರೆ, ಪ್ರಾಮಾಣಿಕವಾಗಿ, ಎರಡನ್ನೂ ಬಿಡಿಸಿ ಹೇಳಲಾರೆ.

ಉತ್ತರ 2 (ಪಶುವೈದ್ಯರು)

ಮೇಲಿನವರ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ವಿಷಯದ ತಿರುಳು ಅಲ್ಲಿದೆ. ಮನುಷ್ಯರ ಮೇಲೆ ಈ ಹನಿಗಳ ಪರೀಕ್ಷೆಗಳು ನಡೆದಿವೆ. 2010ರಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಎಂಬ ಸಂಶೋಧಕರು ಅವುಗಳನ್ನು ಒಟ್ಟಾಗಿ ಪರಿಶೀಲಿಸಿ, ಹುಸಿಮದ್ದಿಗಿಂತ (ಮದ್ದೆಂದು ನಂಬಿಸಿ ಕೊಡುವ, ಸತ್ವವಿಲ್ಲದ ವಸ್ತುವಿಗಿಂತ) ಹೆಚ್ಚಿನ ಪರಿಣಾಮ ಯಾವುದರಲ್ಲಿಯೂ ಕಂಡುಬಂದಿಲ್ಲ ಎಂದು ತೀರ್ಮಾನಿಸಿದರು. ಕುದುರೆಗೆ ಹುಸಿಮದ್ದಿನ ನಂಬಿಕೆ ಹೇಗೆ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ನಂಬಿಕೆ ಕುದುರೆಗೆ ಬೇಕಿಲ್ಲ, ಹಗ್ಗ ಹಿಡಿದವರಿಗೆ ಬಂದರೆ ಸಾಕು. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕುದುರೆಯನ್ನು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಸುವಂತೆ ಹೇಳಿ, ಕೊನೆಯ ಸುತ್ತಿನಲ್ಲಿ ಪಕ್ಕದಲ್ಲಿ ಕೊಡೆಯೊಂದನ್ನು ಬಿಚ್ಚಲಾಗುವುದೆಂದು ನಡೆಸುವವರಿಗೆ ಮುಂಚೆಯೇ ತಿಳಿಸಿದ್ದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಎದೆಬಡಿತವೂ ಏರಿತು, ಏನೂ ತಿಳಿಯದ ಕುದುರೆಗಳ ಎದೆಬಡಿತವೂ ಏರಿತು. ಹೀಗಿರುವಾಗ, ಮದ್ದು ಕೊಟ್ಟಿದ್ದೇನೆ ಎಂಬ ಧೈರ್ಯದಿಂದ ನಿಮ್ಮ ಕೈ ಸಡಿಲವಾದರೆ ಗೌರಿಗೆ ಅದರ ಲಾಭ ಸಿಗಬಹುದು. ಹತ್ತು ಹನಿಯಲ್ಲಿರುವ ಬ್ರಾಂದಿ ನಾನೂರು ಕಿಲೋ ತೂಕದ ಪ್ರಾಣಿಗೆ ಲೆಕ್ಕಕ್ಕಿಲ್ಲ, ಆದ್ದರಿಂದ ಕೊಡುವುದಾದರೆ ನನ್ನ ತಕರಾರಿಲ್ಲ. ಅದನ್ನೇ ನೆಚ್ಚಿ ಬೇರೆ ಏರ್ಪಾಟುಗಳನ್ನು ಕೈಬಿಡಬೇಡಿ.

ಗಿಡಮೂಲಿಕೆಯ ಮಾತು ಬೇರೆ. ಹೂವಿನ ಹನಿಯಲ್ಲಿ ಏನೂ ಇಲ್ಲದಿರುವುದು ಆಕ್ಷೇಪವಾದರೆ, ಸರ್ಪಗಂಧದಲ್ಲಿ ಬೇಕಾದುದಕ್ಕಿಂತ ಹೆಚ್ಚು ಇರುವುದೇ ಆಕ್ಷೇಪ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪೀನ್ ಎಂಬ ವಸ್ತು ರಕ್ತದೊತ್ತಡವನ್ನು ಇಳಿಸುತ್ತದೆ, ನರಗಳಲ್ಲಿ ಸಂಗ್ರಹವಾಗಿರುವ ಸಂದೇಶವಾಹಕ ರಾಸಾಯನಿಕಗಳನ್ನು ಬರಿದುಮಾಡುತ್ತದೆ. ಕುದುರೆಗಳನ್ನು ಮಂಕುಗೊಳಿಸಲು ಇದನ್ನು ಬಳಸಿದವರಿದ್ದಾರೆ, ಸ್ಪರ್ಧೆಗಳಲ್ಲಿ ಅದು ನಿಷಿದ್ಧವೂ ಆಗಿದೆ. ಭೇದಿ ಮತ್ತು ಹೊಟ್ಟೆಶೂಲೆ ಇದರ ಅಡ್ಡಪರಿಣಾಮಗಳು. ಕುದುರೆಗೆ ವಾಂತಿ ಮಾಡಲು ಬಾರದು, ಒಮ್ಮೆ ಒಳಗೆ ಹೋದದ್ದನ್ನು ಹೊರಹಾಕಲಾರದು, ಮತ್ತು ಇದರ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ. ಒಂದು ಬೇರಿನಿಂದ ಇನ್ನೊಂದಕ್ಕೆ ಸತ್ವದ ಪ್ರಮಾಣ ಬದಲಾಗುವುದರಿಂದ ಎಷ್ಟು ಕೊಟ್ಟರೆ ಎಷ್ಟಾದೀತೆಂದು ಯಾರೂ ಹೇಳಲಾರರು. ದಯವಿಟ್ಟು ಆ ಉಂಡೆಯನ್ನು ಕೊಡಬೇಡಿ. ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದು, ಆ ಹೆಸರನ್ನು ಪಡೆದಿರುವುದು ಹಸಿಬೇರಿಗೆ ಕುದುರೆಯ ಮೈವಾಸನೆ ಇರುವುದರಿಂದಲೇ ಹೊರತು ಅದು ಕುದುರೆಯ ಮದ್ದು ಎಂಬ ಕಾರಣದಿಂದಲ್ಲ. ಹಾಗೆಯೇ, ಲಾಯದ ಸುತ್ತ ಕಣಗಿಲೆ ಗಿಡಗಳಿದ್ದರೆ ಮೊದಲು ತೆಗೆಸಿ. ಅದರ ಒಂದು ಹಿಡಿ ಎಲೆ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು.

ಸ್ವಲ್ಪವಾದರೂ ಆಧಾರವಿರುವುದು ಲ್ಯಾವೆಂಡರ್ ಪರಿಮಳಕ್ಕೆ. ಅದರ ಆವಿಯನ್ನು ಮೂಸಿದ ಕುದುರೆಗಳ ಎದೆಬಡಿತದ ಏರಿಳಿತದಲ್ಲಿ ವಿಶ್ರಾಂತಿಯ ಲಕ್ಷಣಗಳು ಕಂಡವೆಂದು ಅಮೆರಿಕದ ಸಣ್ಣ ಅಧ್ಯಯನವೊಂದು 2018ರಲ್ಲಿ ವರದಿ ಮಾಡಿತು. ಪರಿಮಳವನ್ನು ತೆಗೆದೊಡನೆ ಪರಿಣಾಮವೂ ಹೋಯಿತು. ಕುದುರೆ ಮೂಗಿನಿಂದಲೇ ಉಸಿರಾಡುವ ಪ್ರಾಣಿಯಾದ್ದರಿಂದ ಎಣ್ಣೆಯನ್ನು ಮೂತಿಗೆ ಸವರಬೇಡಿ, ಬಟ್ಟೆಗೆ ಹಾಕಿ ದೂರದಿಂದ ಮೂಸಲು ಬಿಡಿ.

ಇವೆಲ್ಲಕ್ಕಿಂತ ಮೊದಲು ಗೌರಿಯ ಕಣ್ಣು, ಹಲ್ಲು, ಬೆನ್ನುಗಳ ಪರೀಕ್ಷೆ ಮಾಡಿಸಿ. ಹಾರುವ ಚೀಲಕ್ಕೆ ಬೆಚ್ಚುವ ಕುದುರೆಗೆ ಒಂದು ಕಣ್ಣು ಮಬ್ಬಾಗಿರುವುದನ್ನು ನಾನು ಕಂಡಿದ್ದೇನೆ. ದೀಪಾವಳಿಯ ರಾತ್ರಿಗೆ ಮಂಪರಿನ ಔಷಧ ಬೇಕಾದರೆ ನಿಮ್ಮ ವೈದ್ಯರು ಕೊಡುತ್ತಾರೆ, ಆದರೆ ಮೊದಲ ಪಟಾಕಿಗೆ ಮುಂಚೆಯೇ ಕೊಡಬೇಕು. ಭಯದಿಂದ ಉಕ್ಕುವ ಅಡ್ರಿನಲಿನ್ ರಕ್ತದಲ್ಲಿ ತುಂಬಿದ ಮೇಲೆ ಕೊಟ್ಟರೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಉತ್ತರ 3 (ಅಶ್ವಾರೋಹಿ ಪೊಲೀಸ್ ದಳದಿಂದ ನಿವೃತ್ತರು)

ಮೈಸೂರಿನವರೇ ಆಗಿರುವುದರಿಂದ ದಸರಾಕ್ಕೆ ಮುಂಚಿನ ಕುಶಾಲತೋಪು ತಾಲೀಮನ್ನು ನೀವು ನೋಡಿರಬಹುದು. ಜಂಬೂಸವಾರಿಯ ದಿನ 21 ಸುತ್ತು ಫಿರಂಗಿ ಹಾರುತ್ತದೆ. ಅಂದು ಬೆದರಬಾರದೆಂದು ಆನೆಗಳ ಜೊತೆಗೆ ಅಶ್ವದಳದ ಕುದುರೆಗಳನ್ನೂ ಹಲವು ದಿನ ಮೊದಲೇ ನಿಲ್ಲಿಸಿ ಸದ್ದಿಗೆ ಒಗ್ಗಿಸುತ್ತಾರೆ. ನಾನಿದ್ದಾಗ ಹೊಸ ಕುದುರೆಯನ್ನು ಎರಡು ಹಳೆಯ ಕುದುರೆಗಳ ನಡುವೆ, ತೋಪಿನಿಂದ ಬಹಳ ದೂರದಲ್ಲಿ ನಿಲ್ಲಿಸುತ್ತಿದ್ದೆವು. ಪಕ್ಕದವು ಕಿವಿ ಆಡಿಸಿ ಸುಮ್ಮನಿದ್ದರೆ ಇದೂ ಅದನ್ನೇ ಕಲಿಯುತ್ತಿತ್ತು.

ನಿಮ್ಮಲ್ಲಿ ಫಿರಂಗಿ ಇಲ್ಲ, ಮೊಬೈಲ್ ಇದೆ. ಪಟಾಕಿಯ ಸದ್ದನ್ನು ಧ್ವನಿಮುದ್ರಿಸಿಕೊಂಡು, ಗೌರಿ ಹುರುಳಿ ತಿನ್ನುವ ಹೊತ್ತಿನಲ್ಲಿ, ಲಾಯದಿಂದ ದೂರದಲ್ಲಿ, ತಿನ್ನುವುದನ್ನು ಅವಳು ನಿಲ್ಲಿಸದಷ್ಟು ಸಣ್ಣಗೆ ಹಾಕಿ. ಕತ್ತೆತ್ತಿ ನೋಡಿ ಮತ್ತೆ ಬಾಯಿ ಹಾಕಿದರೆ ಅದೇ ಮಟ್ಟದಲ್ಲಿ ನಾಲ್ಕು ದಿನ ಇರಿ. ತಿನ್ನುವುದನ್ನು ಬಿಟ್ಟರೆ ನೀವು ಅವಸರ ಮಾಡಿದಿರಿ ಎಂದರ್ಥ. ಅವಳ ಎಡ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಎದೆಬಡಿತ ಎಣಿಸುವುದನ್ನು ಕಲಿಯಿರಿ. ಸುಮ್ಮನಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಇರುತ್ತದೆ, ಅದಕ್ಕೆ ಮರಳುವ ತನಕ ಮುಂದಿನ ಸದ್ದು ಬೇಡ. ಹಬ್ಬದ ರಾತ್ರಿ ಅವಳನ್ನು ಕಂಬಕ್ಕೆ ಬಿಗಿದು ಕಟ್ಟಬೇಡಿ. ಓಡಲಾಗದು ಎಂದು ಗೊತ್ತಾದ ಕ್ಷಣವೇ ಕುದುರೆಯ ಭಯ ಹುಚ್ಚಾಗುವುದು.

ಪ್ರಶ್ನೆ ಕೇಳಿದವರ ಮರುಬರಹ (ಮೂರು ವಾರಗಳ ನಂತರ)

ಎಲ್ಲರಿಗೂ ಧನ್ಯವಾದಗಳು. ವೈದ್ಯರು ಬಂದು ನೋಡಿ, ಎಡಗಣ್ಣಿನ ಮೇಲೆ ಹಳೆಯ ಗಾಯದ ಬಿಳಿ ಕಲೆಯೊಂದನ್ನು ತೋರಿಸಿದರು. ಆ ಬದಿಯಿಂದ ಚೀಲ ಹಾರಿ ಬಂದಾಗಲೇ ಅವಳು ಹೆಚ್ಚು ಬೆಚ್ಚುತ್ತಿದ್ದಳೆಂಬುದು ಈಗ ನೆನಪಾಗುತ್ತಿದೆ. ಈಚೆಗೆ ಎಡದಿಂದ ಹತ್ತಿರ ಹೋಗುವಾಗ ಮಾತನಾಡುತ್ತಲೇ ಹೋಗುತ್ತೇವೆ. ಸರ್ಪಗಂಧದ ಪುಡಿಯನ್ನು ತೋಟದವರಿಗೆ ಹಿಂದಿರುಗಿಸಿದೆ, ಅವರಿಗೆ ಸ್ವಲ್ಪ ಬೇಸರವೂ ಆಯಿತು. ಮೊಬೈಲಿನ ಸದ್ದಿಗೆ ಮೊದಲ ದಿನ ಬಡಿತ 70 ದಾಟಿತ್ತು, ನಿನ್ನೆ ಅದೇ ಮಟ್ಟದ ಸದ್ದಿಗೆ 48. ಹನಿಮದ್ದನ್ನು ಸೇಬಿನ ಮೇಲೆ ಹಾಕಿ ಕೊಡುತ್ತಿದ್ದೇವೆ. ಸೇಬನ್ನಂತೂ ಅವಳು ಕಾಯುತ್ತಾಳೆ. ಒಂದು ಸಂದೇಹ ಉಳಿದಿದೆ: ನಮ್ಮಲ್ಲಿ ಹಳೆಯ ಕುದುರೆ ಇನ್ನೊಂದಿಲ್ಲ, ಜೊತೆಗೆ ಹಸುವನ್ನು ಕಟ್ಟಬಹುದೇ?

ಉತ್ತರ 3ರವರ ಮರುತ್ತರ

ಕಟ್ಟಬಹುದು, ಆದರೆ ಆ ಹಸು ಪಟಾಕಿಗೆ ಬೆದರದಿರಬೇಕು. ಮೊದಲು ಅದನ್ನು ಒಬ್ಬಂಟಿಯಾಗಿ ಪರೀಕ್ಷಿಸಿ ನೋಡಿ. ಇಬ್ಬರನ್ನೂ ಈಗಿನಿಂದಲೇ ಪಕ್ಕಪಕ್ಕದಲ್ಲಿ ಮೇಯಿಸಿ. ಹಬ್ಬದ ದಿನ ಹೊಸದಾಗಿ ತಂದು ನಿಲ್ಲಿಸಿದರೆ ಸಂಗಾತಿಯಾಗದು, ಇನ್ನೊಂದು ಗಾಬರಿಯಾಗುತ್ತದೆ.