ಅಮ್ಮನ ಟ್ರಂಕಿನ ಸ್ವೆಟರ್‌ಗಳನ್ನು ಎಸೆಯಬೇಡಿ

ಪುಟ್ಟಿ, ನೀನು ಕಳುಹಿಸಿದ ಫೋಟೋಗಳೆಲ್ಲ ಬಂದವು. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತ ಕುಳಿತರೆ ಇಲ್ಲೇ ಸಂಜೆಯಾಗುತ್ತದೆ, ಮಾತಿನಲ್ಲೇ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ಅಣ್ಣ, ಅತ್ತಿಗೆ, ನೀವಿಬ್ಬರೂ ಪೂರ್ತಿ ಕೇಳಬೇಕು.

ಹೊಸ ವರ್ಷಕ್ಕೆಂದು ಮನೆ ಚೊಕ್ಕಟ ಮಾಡುವಾಗ ಅಮ್ಮನ ಟ್ರಂಕು ತೆಗೆದಿರಿ. ಅದರಲ್ಲಿರುವ ಸ್ವೆಟರ್‌ಗಳನ್ನು ಏನು ಮಾಡುವುದು ಎಂದು ಪುಟ್ಟಿ ಕೇಳಿದಳು. ನುಸಿ ಹಿಡಿದಿದೆ, ತೆಗೆದುಹಾಕೋಣ, ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ ಎಂದರು ಅತ್ತಿಗೆ. ಅಪ್ಪನ ನೆನಪು, ಯಾರೂ ಮುಟ್ಟಬೇಡಿ, ಹಾಗೆಯೇ ಇರಲಿ ಎಂದ ಅಣ್ಣ. ನಾನು ಎರಡಕ್ಕೂ ಒಪ್ಪುವುದಿಲ್ಲ. ಅವುಗಳನ್ನು ಬಿಚ್ಚಬೇಕು. ಬಿಚ್ಚಿ, ತೊಳೆದು, ಪುಟ್ಟಿಯ ಅಕ್ಕನಿಗೆ ಹುಟ್ಟಲಿರುವ ಕೂಸಿಗೆ ಹೆಣೆಯಬೇಕು.

ಅಣ್ಣ, ನಿನಗೆ ನೋವಾಗುತ್ತದೆ ಎಂದು ಗೊತ್ತು. ಆದರೆ ಅಮ್ಮ ಏನು ಮಾಡುತ್ತಿದ್ದಳು ಎಂದು ಸ್ವಲ್ಪ ನೆನಪಿಸಿಕೋ. ಜನವರಿ ಬಂತೆಂದರೆ ನಮ್ಮ ಶಾಲೆಯ ಸ್ವೆಟರ್‌ಗಳ ತೋಳು ಮಣಿಕಟ್ಟಿನಿಂದ ಮೇಲೆ ಹೋಗಿರುತ್ತಿತ್ತು. ಸಂಕ್ರಾಂತಿಗೆ ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ ಇಟ್ಟ ಮೇಲೆ ಅವಳು ಜಗಲಿಯಲ್ಲಿ ಕುಳಿತು ನಿನ್ನ ಸ್ವೆಟರನ್ನು ಕತ್ತಿನಿಂದ ಬಿಚ್ಚುತ್ತಿದ್ದಳು. ಉಲ್ಲನ್ ಸಾಲದಿದ್ದರೆ ಎದೆಯ ಮೇಲೆ ಬೇರೆ ಬಣ್ಣದ ಪಟ್ಟೆ ಬರುತ್ತಿತ್ತು. ನಿನ್ನದು ನನಗೆ, ನನ್ನದು ತಮ್ಮನಿಗೆ. ಅಪ್ಪನ ಆ ಮರೂನ್ ಸ್ವೆಟರಿನ ತೋಳಿನ ಅಂಚು ಮಾತ್ರ ಕಪ್ಪಾಗಿರುವುದು ಏಕೆ? ಅಂಚು ಸವೆದಾಗ ಅಮ್ಮ ಅಷ್ಟನ್ನೇ ಬಿಚ್ಚಿ ಹೊಸ ಉಲ್ಲನ್ ಸೇರಿಸಿ ಹೆಣೆದಳು. ಅವಳ ಕೈಯಲ್ಲಿ ಯಾವ ಸ್ವೆಟರೂ ಮುಗಿದುಹೋದ ವಸ್ತುವಾಗಿರಲಿಲ್ಲ. ಟ್ರಂಕಿನಲ್ಲಿ ಮುಚ್ಚಿಟ್ಟರೆ ನುಸಿ ಹುಳು ತಿನ್ನುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದೇ ಉಣ್ಣೆ, ಕತ್ತಲೆ ಮತ್ತು ಯಾರೂ ಅಲುಗಾಡಿಸದ ಜಾಗ.

ಇಲ್ಲಿ ಆಲ್ದೂರಿನ ನಮ್ಮ ಮನೆಯಲ್ಲೂ ಈಗ ಇದೇ ಕೆಲಸ ನಡೆದಿದೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿಯುತ್ತ ಬಂತು, ರೋಬಸ್ಟಾ ಶುರುವಾಗಬೇಕು. ಕಣದ ಒಂದು ಬದಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್, ಇನ್ನೊಂದು ಬದಿ ಹಣ್ಣನ್ನು ಹಾಗೆಯೇ ಒಣಗಿಸುವ ಚೆರಿ ಹರವಿದ್ದೇವೆ. ಬೆಳಿಗ್ಗೆ ಮಂಜು ಸರಿಯುವವರೆಗೆ ಟಾರ್ಪಾಲು ತೆಗೆಯುವಂತಿಲ್ಲ. ಆ ಹೊತ್ತಿಗೆ ಧನುರ್ಮಾಸದ ಹುಗ್ಗಿ, ಹಂಡೆಗೆ ಬೆಂಕಿ, ಅವರೆಕಾಯಿ ಸುಲಿಯುವುದು ಎಲ್ಲ ಆಗುತ್ತದೆ. ಬಿಸಿಲು ಬಂದ ಮೇಲೆ ಕಾಫಿಯನ್ನು ಹರವಿ, ಆಗಾಗ ಎದ್ದು ಕೈಯಾಡಿಸಿ, ಮಧ್ಯೆ ಮಧ್ಯೆ ಹೆಣಿಗೆಯ ಕಡ್ಡಿ ಹಿಡಿಯುತ್ತೇನೆ. ಹಣ್ಣು ಕುಯ್ದು ಬಂದ ದಿನ ಮಾತ್ರ ತಿಳಿ ಬಣ್ಣದ ಉಲ್ಲನ್ ಮುಟ್ಟುವುದಿಲ್ಲ. ಕಾಫಿ ಹಣ್ಣಿನ ಅಂಟು ಒಣಗಿ ಬೆರಳೆಲ್ಲ ಕಪ್ಪಾಗಿರುತ್ತದೆ, ಸೋಪು ಹಾಕಿ ತಿಕ್ಕಿದರೂ ಆ ಹೊತ್ತಿಗೆ ಹೋಗುವುದಿಲ್ಲ. ಅಂದು ಕಪ್ಪು ಕಾಲುಚೀಲವೇ ಗತಿ.

ಈ ಕೆಲಸಕ್ಕೆ ಜನವರಿಯೇ ಸರಿ. ನಮ್ಮ ಮಳೆಗಾಲದಲ್ಲಿ ಒದ್ದೆ ಉಣ್ಣೆ ಎರಡು ದಿನ ಆರದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಈಗ ಒಣ ಗಾಳಿ. ಬೆಳಿಗ್ಗೆ ತೊಳೆದು ನೆರಳಿನಲ್ಲಿ ಹಾಕಿದರೆ ಸಂಜೆಗೆ ಉಂಡೆ ಸುತ್ತಬಹುದು. ಸುತ್ತುವವರು ನಮ್ಮ ಅತ್ತೆಯವರು. ಅವರಿಗೆ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಆದರೆ ನಿಮ್ಮ ಮಾವ ಎರಡು ಕೈಗೆ ಉಲ್ಲನ್ನಿನ ಲಡಿ ಹಾಕಿಕೊಂಡು ಎದುರು ಕುಳಿತರೆ, ಎಳೆ ಎಲ್ಲಿ ತೆಳುವಾಗಿದೆ, ಎಲ್ಲಿ ನುಸಿ ಕಚ್ಚಿದೆ ಎಂದು ಬೆರಳಿನಲ್ಲೇ ಹೇಳುತ್ತಾರೆ. ಅವರು ತಡೆದ ಕಡೆ ನಾನು ಕತ್ತರಿಸಿ ಗಂಟು ಹಾಕುತ್ತೇನೆ. ತೋಟದ ಲೆಕ್ಕ, ಆಳುಗಳ ಚಿಂತೆ ತಲೆಯಲ್ಲಿದ್ದರೂ ಮಾವ ಆ ಅರ್ಧ ಗಂಟೆ ಏಳುವುದಿಲ್ಲ. ಇಡೀ ದಿನದಲ್ಲಿ ತಾಯಿ ಮಗ ಎದುರೆದುರು ಕೂರುವುದು ಆಗ ಮಾತ್ರ. ನನಗೆ ಅದನ್ನು ನೋಡುವುದೇ ದೊಡ್ಡ ಸಂತೋಷ.

ಈಗ ಪುಟ್ಟಿ, ನೀನು ಮಾಡಬೇಕಾದದ್ದು ಕೇಳು. ಮೊದಲು ಪ್ರತಿಯೊಂದನ್ನೂ ತಿರುಗಿಸಿ ಒಳಗಿನ ಪಕ್ಕದ ಹೊಲಿಗೆ ನೋಡು. ಅಂಚು ಕತ್ತರಿಸಿ, ಅದರ ಮೇಲೆ ಮಿಷನ್ನಿನ ಓವರ್‌ಲಾಕ್ ಹೊಲಿಗೆ ಇದ್ದರೆ ಅದನ್ನು ಬಿಚ್ಚಿ ಪ್ರಯೋಜನವಿಲ್ಲ. ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿದಿರುತ್ತಾರೆ, ಒಂದೊಂದು ಸಾಲಿಗೂ ಎಳೆ ತುಂಡಾಗಿ ಕೈಗೆ ಬರುತ್ತದೆ. ಅತ್ತಿಗೆ, ಅಂಗಡಿಯ ಅಗ್ಗದ ಸ್ವೆಟರ್‌ಗಳು ಹೆಚ್ಚಾಗಿ ಹೀಗೆಯೇ. ಚಳಿಗಾಲದಲ್ಲಿ ಊರೂರಿಗೆ ಬಂದು ಅಂಗಡಿ ಹಾಕುವ ಟಿಬೆಟಿಯನ್ನರ ಹತ್ತಿರ ನಾನೂ ಕೊಂಡಿದ್ದೇನೆ, ಬೆಚ್ಚಗಿರುತ್ತವೆ, ದೂರುವುದಿಲ್ಲ. ಆದರೆ ಅವು ಒಬ್ಬರ ಮೈಗೆ ಮಾತ್ರ. ಅಮ್ಮನ ಹೆಣಿಗೆಯಲ್ಲಿ ಪ್ರತಿ ಭಾಗವೂ ಒಂದೇ ಎಳೆಯಲ್ಲಿ ಸಾಗಿದೆ, ಮೂರು ತಲೆಮಾರಿಗೆ ಬರುತ್ತದೆ.

ಆಮೇಲೆ ಅದು ಉಣ್ಣೆಯೋ, ಅಕ್ರಿಲಿಕ್ ಎಂಬ ಕೃತಕ ನೂಲೋ ತಿಳಿಯಬೇಕು. ಹೊಲಿಗೆಯಿಂದ ಬೆರಳುದ್ದದ ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಬೆಂಕಿಗೆ ತೋರಿಸು. ಕೂದಲು ಸುಟ್ಟ ವಾಸನೆ ಬಂದು, ಬೆಂಕಿಯಿಂದ ಈಚೆ ತೆಗೆದೊಡನೆ ನಂದಿ, ಬೂದಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಕಪ್ಪು ಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್. ಇದು ಬರಿ ಕುತೂಹಲಕ್ಕಲ್ಲ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವ ಮನೆ ನಮ್ಮದು. ಕರಗಿ ಮೈಗೆ ಅಂಟುವ ನೂಲನ್ನು ಕೂಸಿಗೆ ತೊಡಿಸಿ ಅಲ್ಲಿ ಮಲಗಿಸಲು ನಾನು ಬಿಡುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ನಮ್ಮ ಜಡಿಮಳೆಯ ಹವೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಚುಚ್ಚಬಾರದೆಂದು ಒಳಗೆ ಹತ್ತಿಯ ಜುಬ್ಬ ಹಾಕಿದರಾಯಿತು.

ದಯವಿಟ್ಟು ಯಾವುದನ್ನೂ ವಾಷಿಂಗ್ ಮಷಿನ್ನಿಗೆ ಹಾಕಬೇಡ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಬಿಸಿನೀರಿನಲ್ಲಿ ಕುಲುಕಾಡಿದರೆ ಅವು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಂತೆ ದಪ್ಪವಾಗುತ್ತದೆ. ಆಮೇಲೆ ಯಾರಿಂದಲೂ ಬಿಚ್ಚಲಾಗುವುದಿಲ್ಲ. ಬಿಚ್ಚುವುದನ್ನೂ ನನಗೆ ಬಿಡು. ಹೆಣೆದು ಮುಗಿಸಿದ ತುದಿಯಿಂದಲೇ ಎಳೆಯಬೇಕು, ಶುರು ಮಾಡಿದ ಅಂಚಿನಿಂದ ಎಳೆದರೆ ಕುಣಿಕೆ ಕಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆ ಸುಕ್ಕುಸುಕ್ಕಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ನೆನೆಸುತ್ತೇನೆ. ಹಿಂಡದೆ, ಟವೆಲ್ಲಿನಲ್ಲಿ ಒತ್ತಿ, ಬಿದಿರಿನ ಗಳಕ್ಕೆ ನೇತುಹಾಕಿ ಕೆಳಗೆ ಸಣ್ಣ ಭಾರ ಕಟ್ಟಿದರೆ ನೆಟ್ಟಗಾಗುತ್ತದೆ.

ಅಪ್ಪನ ಮರೂನ್ ಸ್ವೆಟರ್ ತುಂಬುತೋಳಿನದು, ಅರ್ಧ ಕಿಲೋ ಉಲ್ಲನ್ ಇರಲೇಬೇಕು. ನುಸಿ ತಿಂದದ್ದು ಕಳೆದರೂ ಎರಡು ಮಕ್ಕಳ ಸ್ವೆಟರಿಗೆ ಧಾರಾಳ. ನಿನ್ನ ಅಕ್ಕನಿಗೆ ಮಾರ್ಚಿಯಲ್ಲಿ ದಿನ ತುಂಬುತ್ತದೆ. ಎಲ್ಲರೂ ಹುಟ್ಟಿದ ಕೂಸಿನ ಅಳತೆಗೇ ಹೆಣೆಯುತ್ತಾರೆ, ಮಾರ್ಚಿಯ ಸೆಕೆಯಲ್ಲಿ ಅದು ಗೂಡು ಸೇರುತ್ತದೆ, ಮಳೆ ಹಿಡಿಯುವಷ್ಟರಲ್ಲಿ ಕೂಸಿಗೆ ಹಿಡಿಸುವುದಿಲ್ಲ. ಹಾಗಾಗಿ ಕುಲಾವಿ ಒಂದನ್ನು ಮಾತ್ರ ಈಗಿನ ಅಳತೆಗೆ, ಸ್ವೆಟರನ್ನು ಆರು ತಿಂಗಳಿಗೆ ಎಂದು ಲೆಕ್ಕ ಹಾಕಿದ್ದೇನೆ. ಸುತ್ತಳತೆ 50 ಸೆಂಟಿಮೀಟರ್. 8ನೇ ನಂಬರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ ಒಟ್ಟು 110. ಮುಂದೆ 55, ಹಿಂದೆ 55. ಅಂಚಿಗೆ 10ನೇ ನಂಬರ್ ಕಡ್ಡಿ, ಒಂದು ಸೀದಾ ಒಂದು ಉಲ್ಟಾ. ಹಳೆಯ ಉಲ್ಲನ್ ಹೊಸದರಷ್ಟು ಹಿಗ್ಗುವುದಿಲ್ಲ, ಮೊದಲು ಅಂಗೈಯಗಲ ಹೆಣೆದು, ತೊಳೆದು, ಆಮೇಲೆ ಎಣಿಸುತ್ತೇನೆ.

ಅಣ್ಣ, ಒಂದನ್ನು ಮಾತ್ರ ನಿನ್ನ ಮಾತಿನಂತೆ ಇಡೋಣ. ಹಳದಿ ಬಣ್ಣದ ಆ ಪುಟ್ಟ ಕೋಟು. ನಾವು ಮೂವರೂ ತೊಟ್ಟದ್ದು, ಅದರಲ್ಲಿ ಸಿಗುವ ಉಲ್ಲನ್ನೂ ಹಿಡಿಯಷ್ಟೇ. ಅದನ್ನು ಬಿಸಿಲಿಗೆ ಹಾಕಿ ಕೊಡವಿ, ಹತ್ತಿಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ತಾಗದಂತೆ ಬೇರೆ ಇಡು. ನುಸಿಗುಳಿಗೆ ಇಟ್ಟ ಬಟ್ಟೆಯನ್ನು ಕೂಸಿನ ಹತ್ತಿರ ತರಬಾರದು. ಟ್ರಂಕಿನಲ್ಲಿ ಅದರ ವಾಸನೆ ಇದ್ದರೆ ನನಗೆ ಮೊದಲೇ ಹೇಳು, ಎಲ್ಲವನ್ನೂ ಹಲವು ದಿನ ಗಾಳಿಗೆ ಹಾಕಿದ ಮೇಲೆಯೇ ತೊಳೆಯುತ್ತೇನೆ.

ಸಂಕ್ರಾಂತಿಗೆ ಬರುವಾಗ ಮರೂನ್, ಬೂದು ಬಣ್ಣದ ಅರೆತೋಳಿನದು, ಆ ಹಸಿರು ಮಫ್ಲರ್, ಮೂರನ್ನೂ ತನ್ನಿ. ಬರಲಾಗದಿದ್ದರೆ ಚಿಕ್ಕಮಗಳೂರು ಬಸ್ಸಿನಲ್ಲಿ ಪಾರ್ಸೆಲ್ ಹಾಕಿ, ಮಾವ ಹೋಗಿ ತರುತ್ತಾರೆ. ಗುಂಡಿಗಳನ್ನು ಬಿಚ್ಚಿ ಬೇರೆ ಕವರಿನಲ್ಲಿ ಇಡು ಪುಟ್ಟಿ, ಅವು ಈಗ ಎಲ್ಲೂ ಸಿಗುವುದಿಲ್ಲ. ಮತ್ತೆ ಅಕ್ಕನನ್ನು ಕೇಳಿ ಇವತ್ತೇ ತಿಳಿಸು: ಎದೆಯ ಪಟ್ಟೆಗೆ ಮಫ್ಲರಿನ ಹಸಿರು ಆಗಬಹುದೇ, ಅಥವಾ ಬೂದು ಬೇಕೇ?